ಹಿಂದಿನ ಅರ್ಧ ಸೀಟು

ನಮ್ಮ ಅಂಗಡಿಯ ಮುಂದೆ ಅರ್ಧ ಸೀಟು ಇದೆ. ಹಳೇ ಮೋಟಾರ್ ಸೈಕಲ್ಲಿನ ಉದ್ದ ಸೀಟನ್ನು ನಡುವೆ ಕೊಯ್ದು, ಮುಂದಿನ ಅರ್ಧಕ್ಕೆ ಕಬ್ಬಿಣದ ಕಾಲು ಹಚ್ಚಿ ಸ್ಟೂಲು ಮಾಡಿ ಇಟ್ಟಿದ್ದೇನೆ. ಕುಶನ್ ಕೆಲಸಕ್ಕೆಂದು ಬಂದವರು ಯಾರೇ ಆಗಲಿ ಮೊದಲು ಅದರ ಮೇಲೆ ಕೂರುತ್ತಾರೆ. ಕೂತವರು ಸುಮ್ಮನಿರುವುದಿಲ್ಲ, ಪಕ್ಕಕ್ಕೆ ಕೈ ಆಡಿಸುತ್ತಾರೆ. ಕೊಯ್ದ ಅಂಚು ಕೈಗೆ ಸಿಕ್ಕ ಕೂಡಲೇ ಕೇಳುತ್ತಾರೆ: "ಇದ್ರ ಹಿಂದಿಂದು ಎಲ್ಲೈತ್ರೀ ಗಿರಿಜಕ್ಕ?"

"ಐತೆ, ಕೆಲ್ಸದ ಮೇಲೆ ಹೋಗೈತೆ" ಎನ್ನುತ್ತೇನೆ. ಅವಸರದವರಿಗೆ ಅಷ್ಟೇ ಉತ್ತರ. ನಿಮಗೆ ಅವಸರ ಇಲ್ಲ ಅಂದುಕೊಂಡಿದ್ದೇನೆ, ಹಾಗಾಗಿ ಪೂರ್ತಿ ಹೇಳುತ್ತೇನೆ.

ಚನ್ನಗಿರಿಯಲ್ಲಿ ಈ ಕುಶನ್ ಅಂಗಡಿ ತೆರೆದವರು ನಮ್ಮಪ್ಪ. ಟ್ರ್ಯಾಕ್ಟರ್ ಸೀಟು, ಆಟೋದ ಹುಡ್, ಬೈಕಿನ ಸೀಟು, ಮದುವೆ ಸೀಸನ್ನಿನಲ್ಲಿ ಸೋಫಾ ಸೆಟ್ಟು. ಅಪ್ಪ ಹೋದ ಮೇಲೆ ಹೊಲಿಗೆ ಮಿಷನ್ನಿನ ಮುಂದೆ ನಾನು ಕೂತೆ. ನಾನು ಹೊಲಿದ ಸೀಟಿನ ರೆಕ್ಸಿನ್ ಹರಿದಿರಬಹುದು, ಹೊಲಿಗೆ ಬಿಟ್ಟಿದ್ದು ಇಲ್ಲ. ಜಂಬ ಅಂದುಕೊಳ್ಳಿ, ಅಡ್ಡಿಯಿಲ್ಲ, ಜಂಬ ಪಡುವಂಥದ್ದು ಇದ್ದಾಗ ಪಡಬೇಕು. ಚಿಕ್ಕವಳಿದ್ದಾಗ ನನ್ನ ಹಾಸಿಗೆಯೇ ರೆಕ್ಸಿನ್ ಸುರುಳಿ. ಮಧ್ಯಾಹ್ನ ಅದರ ಮೇಲೆ ಮಲಗಿ ಎದ್ದರೆ ಕೆನ್ನೆಯ ಮೇಲೆ ಸಣ್ಣ ಸಣ್ಣ ಗೆರೆ ಮೂಡಿರುತ್ತಿದ್ದವು. ಅವ್ವ ನೋಡಿ, "ನಿನ್ ಮುಖನೂ ಸೀಟ್ ಕವರ್ ಆತು ನೋಡು" ಎಂದು ನಗುತ್ತಿದ್ದಳು. ಬೆರಳಿಗೆ ಮೆತ್ತಿದ, ರೆಕ್ಸಿನ್ ಅಂಟಿಸುವ ಸಲ್ಯೂಷನ್ನನ್ನು ಉಜ್ಜಿ ಉಜ್ಜಿ ಗುಂಡು ಮಾಡುವುದು ಆಗಿನ ನನ್ನ ಆಟ. ಈಗಲೂ ಮಾಡುತ್ತೇನೆ.

ಅಪ್ಪನ ಅಂಗಡಿಯಲ್ಲಿ ಟೇಪು ಇರಲಿಲ್ಲ. ಇದ್ದದ್ದು ಅಳತೆ ಹಲಗೆ. ಬೈಕಿನ ಸೀಟಿನಷ್ಟೇ ಅಗಲದ, ಅಷ್ಟೇ ಎತ್ತರಕ್ಕೆ ನಿಲ್ಲಿಸಿದ ಮತ್ತಿ ಮರದ ಹಲಗೆ. ಹೊಸ ಸೀಟು ಬೇಕೆಂದು ಯಾರಾದರೂ ಬಂದರೆ ಅಪ್ಪ ಹೇಳುತ್ತಿದ್ದದ್ದು ಒಂದೇ ಮಾತು: "ಗಾಡಿ ಆಮ್ಯಾಗೆ ತರ್ರಿ, ಮೊದ್ಲು ಮನೆಯೋರನ್ನ ಕರ್ಕಂಡು ಬರ್ರಿ." ಅವರು ಹೆಂಡತಿ ಮಕ್ಕಳ ಸಮೇತ ಬಂದು, ಗಾಡಿಯ ಮೇಲೆ ಹೇಗೆ ಕೂರುತ್ತಾರೋ ಹಾಗೇ ಹಲಗೆಯ ಮೇಲೆ ಒಬ್ಬರ ಹಿಂದೊಬ್ಬರು ಕೂರಬೇಕು. ಕೊನೆಯವರ ಬೆನ್ನಿನ ಹಿಂದೆ ಅಪ್ಪ ಸೀಮೆಸುಣ್ಣದ ಗೆರೆ ಎಳೆದರೆ ಅಲ್ಲಿಗೆ ಸೀಟಿನ ಉದ್ದ ಮುಗಿಯಿತು. ಹೊಸದಾಗಿ ಮದುವೆಯಾದವರು ಬಂದರೆ, ಕೇಳದೆಯೇ ಒಂದು ಗೇಣು ಬಿಟ್ಟು ಗೆರೆ ಎಳೆಯುತ್ತಿದ್ದರು. ಮದುಮಗಳು ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಿದ್ದಳು. ಒಂದೆರಡು ವರ್ಷ ಕಳೆದ ಮೇಲೆ ಆ ಗೇಣಿನಲ್ಲಿ ಒಂದು ಮಗು ಕೂತಿರುತ್ತಿತ್ತು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ನಮ್ಮ ಕಡೆ ಸೀಟು ಅಂದರೆ ಉದ್ದ ಮಾಡಿಸುವಂಥದ್ದು. ಗಂಡ, ಹೆಂಡತಿ, ಮಕ್ಕಳು, ನಡುವೆ ಒಂದು ಚೀಲ, ದಾರಿಯಲ್ಲಿ ಕೈ ಅಡ್ಡ ಹಾಕಿದ ಪರಿಚಯದವರು. ಹಿಂದೆ ಖಾಲಿ ಇದ್ದೂ ನಿಲ್ಲಿಸದೆ ಹೋದರೆ ಆ ಮನೆಯವರ ಬಗ್ಗೆ ಊರೇ ಮಾತಾಡುತ್ತದೆ. ಸೀಟು ಗಿಡ್ಡ ಮಾಡಿಕೊಡಿ ಎಂದು ಕೇಳಿದವರನ್ನು ನಾನು ಕಂಡೇ ಇರಲಿಲ್ಲ. ಮೊದಲು ಕೇಳಿದವನು ನಲ್ಲೂರಿನ ಒಬ್ಬ ಯುವಕ. ಫೋನಿನಲ್ಲಿ ಒಂದು ಫೋಟೋ ತೋರಿಸಿ, "ಇಂಥದ್ದು ಹೊಲಿತೀರೇನ್ರೀ?" ಎಂದ.

ನೋಡಿದೆ. ಹಳೇ ಕಾಲದ ಮೋಟಾರ್ ಸೈಕಲ್ಲು, ಬೇಡದ್ದನ್ನೆಲ್ಲ ಬಿಚ್ಚಿ ಹಗುರ ಮಾಡಿದ್ದಾರೆ. ಹ್ಯಾಂಡಲ್ ಕೆಳಗೆ ಇಳಿದಿದೆ. ಓಡಿಸುವವನು ಟ್ಯಾಂಕಿನ ಮೇಲೆ ಬಗ್ಗಿ ಕೂರಬೇಕು. ಸೀಟು ಒಬ್ಬರಿಗೇ. ಅದರ ಹಿಂದೆ ಒಂದು ಗೂನು, ಇನ್ಯಾರೂ ಕೂರಬಾರದು ಎಂದು ಬೇಲಿ ಹಾಕಿದ ಹಾಗೆ. ಕೆಫೆ ರೇಸರ್ ಅಂತ ಅದರ ಹೆಸರಂತೆ. ಹಿಂದೆ ಯಾವುದೋ ದೇಶದ ಹುಡುಗರು ಒಂದು ಚಹಾದಂಗಡಿಯಿಂದ ಇನ್ನೊಂದು ಚಹಾದಂಗಡಿಗೆ ಪಂದ್ಯ ಕಟ್ಟಿ ಓಡಿಸುತ್ತಿದ್ದರಂತೆ. ನಮ್ಮಲ್ಲಿ ಕೆಫೆ ಎಲ್ಲಿಂದ ಬರಬೇಕು? ಬಸ್ ಸ್ಟ್ಯಾಂಡ್ ಹತ್ತಿರದ ಮಂಡಕ್ಕಿ ಮೆಣಸಿನಕಾಯಿ ಅಂಗಡಿಯಿಂದ ಬಸವಾಪಟ್ಟಣದ ಮಂಡಕ್ಕಿ ಮೆಣಸಿನಕಾಯಿ ಅಂಗಡಿಗೆ ಓಡಿಸಬೇಕಷ್ಟೇ. ಆ ಯುವಕ ಮತ್ತೆ ಬರಲಿಲ್ಲ, ಮನೆಯಲ್ಲಿ ಬೈದರಂತೆ. ಅವನು ಬರದಿದ್ದರೂ ಆ ಸೀಟು ನನ್ನ ತಲೆಯಿಂದ ಹೋಗಲಿಲ್ಲ. ಒಬ್ಬರಿಗೇ ಒಂದು ಸೀಟು! ಯೋಚಿಸಿದಷ್ಟೂ ಹೊಟ್ಟೆಯೊಳಗೆ ಏನೋ ಒಂದು ಖುಷಿ ಎದ್ದು ಕೂರುತ್ತಿತ್ತು.

ಅದಕ್ಕೆ ಕಾರಣವಿದೆ. ಅಪ್ಪನ ಹತ್ತಿರ ಎರಡು ಸೈಲೆನ್ಸರಿನ ಗಾಡಿ ಇತ್ತು. ಕಿಕ್ ಹೊಡೆಯುವ ಕಡ್ಡಿಯನ್ನೇ ಮುಂದಕ್ಕೆ ಮಡಚಿದರೆ ಅದೇ ಗೇರು ಆಗುವಂಥ ಗಾಡಿ. ಅವ್ವನ ತವರು ನ್ಯಾಮತಿ. ಬಸವಾಪಟ್ಟಣ, ಸಾಸ್ವೆಹಳ್ಳಿ, ಹೊನ್ನಾಳಿ ಹಾದು ಎಲ್ಲರೂ ಅದರ ಮೇಲೇ ಹೋಗುತ್ತಿದ್ದೆವು. ಟ್ಯಾಂಕಿನ ಮೇಲೆ ಅಣ್ಣ, ಆಮೇಲೆ ಅಪ್ಪ, ಅಪ್ಪನ ಹಿಂದೆ ನಾನು, ನನ್ನ ಹಿಂದೆ ಒಂದೇ ಕಡೆ ಕಾಲು ಇಳಿಬಿಟ್ಟು ಅವ್ವ. ನ್ಯಾಮತಿಯ ದಾರಿ ಅಂದರೆ ನನಗೆ ನೆನಪಾಗುವುದು ಅಪ್ಪನ ಬೆನ್ನು. ಅಂಗಿಯ ಹೊಲಿಗೆ, ಕಾಲರಿನ ಹಿಂದಿನ ಬೆವರು, ಗಾಳಿಗೆ ಉಬ್ಬುವ ಬಟ್ಟೆ. ಆಯಿತು, ಮದುವೆಯಾಯಿತು, ಅಪ್ಪನ ಬೆನ್ನು ಹೋಗಿ ನಮ್ಮ ಮನೆಯವರ ಬೆನ್ನು ಬಂತು. ನನಗೆ ಸ್ಕೂಟರ್ ಬರುತ್ತದೆ. ಆದರೆ ಅದು ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ. ಊರಾಚೆ ಹೋಗಬೇಕಾದರೆ ಚಾವಿ ತನ್ನಷ್ಟಕ್ಕೆ ಅವರ ಕೈಗೆ ಹೋಗುತ್ತದೆ, ನಾನು ಹಿಂದೆ ಹೋಗುತ್ತೇನೆ. ಬಸ್ಸಿನಲ್ಲಿ ಹೋದರೂ ನಮಗೆ ಪಕ್ಕದ ಕಿಟಕಿ, ಎದುರಿನ ಗಾಜು ಡ್ರೈವರಿಗೆ. ನ್ಯಾಮತಿ ರಸ್ತೆಯನ್ನು ನಾನು ಎದುರಿನಿಂದ ನೋಡಿಯೇ ಇರಲಿಲ್ಲ. ನನಗೆ ನೋಡಬೇಕಿತ್ತು, ಅಷ್ಟೇ.

ಅಪ್ಪನ ಗಾಡಿ ಅಂಗಡಿಯ ಹಿಂದೆ, ಸೀಟಿಗೆ ತುಂಬುವ ತೆಂಗಿನ ನಾರಿನ ಮೂಟೆಗಳ ನಡುವೆ ನಿಂತೇ ಇತ್ತು. ಅದನ್ನು ಬಿಚ್ಚುತ್ತೇನೆ ಎಂದಾಗ ಅವ್ವ ಅಳಬಹುದು ಎಂದುಕೊಂಡಿದ್ದೆ. ಅವ್ವ ನಮ್ಮ ಜೊತೆಗೇ ಇದ್ದಾಳೆ, ಮೊಣಕಾಲು ಬಿಟ್ಟರೆ ಮಿಕ್ಕಿದ್ದೆಲ್ಲ ಗಟ್ಟಿ. "ಏನಾರ ಮಾಡು ತಾಯಿ, ತುಕ್ಕು ತಿನ್ನಾಕೆ ಬಿಡೋದ್ಕಿಂತ ಚಲೋ" ಎಂದಳು. ನಮ್ಮ ಮನೆಯವರು ಪ್ರೈಮರಿ ಶಾಲೆಯ ಮೇಷ್ಟ್ರು. ದಿನವಿಡೀ ಮಕ್ಕಳ ಜೊತೆ ಕೂಗಿ ಬಂದು ಮನೆಯಲ್ಲಿ ಮಾತೇ ಆಡುವುದಿಲ್ಲ. ಆ ಯುವಕನಿಂದ ನನ್ನ ಫೋನಿಗೆ ಹಾಕಿಸಿಕೊಂಡಿದ್ದ ಫೋಟೋವನ್ನು ನೋಡಿ, "ಹಂಗಾರೆ ನಾನು?" ಎಂದು ಕೇಳಿದರು.

"ನೀವು ಬಸ್ಸಿಗೆ ಬರ್ರಿ" ಎಂದೆ.

ಗಾಡಿ ದಸ್ತಗೀರಣ್ಣನ ಗ್ಯಾರೇಜಿಗೆ ಹೋಯಿತು. ದಸ್ತಗೀರಣ್ಣನದೂ ನಮ್ಮದೂ ಎರಡು ತಲೆಮಾರಿನ ಒಡನಾಟ. ಅವನು ಎಂಜಿನ್, ನಾವು ಸೀಟು. ಎಂಜಿನ್ ಬಿಚ್ಚಿ ಹೊಸ ಪಿಸ್ಟನ್ ಕೂರಿಸಿದ್ದು, ಟ್ಯಾಂಕಿನೊಳಗಿನ ತುಕ್ಕು ಹೋಗಲೆಂದು ಜಲ್ಲಿ ತುಂಬಿಸಿ ಕುಲುಕಿದ್ದು, ಹಳೇ ಹ್ಯಾಂಡಲನ್ನೇ ಬುಡಮೇಲು ಮಾಡಿ ಕೆಳಕ್ಕೆ ಇಳಿಸಿದ್ದು, ಎಲ್ಲ ಹಾಡು ಹೇಳುತ್ತಾ ಮಾಡಿದ. ಮುಂದಿನ ದುಂಡು ಲೈಟಿಗಾಗಿ ಮಾತ್ರ ಬಹಳ ಹುಡುಕಬೇಕಾಯಿತು. ಅದು ಕೊನೆಗೆ ಸಿಕ್ಕಿದ್ದು ಜಗಳೂರಿನಲ್ಲಿ. ಅಣ್ಣ ಅಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ, ಅವನ ಗಿರಾಕಿಯೊಬ್ಬರ ಹಿತ್ತಲಲ್ಲಿ ಅಂಥದ್ದೇ ಗಾಡಿಯ ಅವಶೇಷ ಬಿದ್ದಿತ್ತು. ಆ ಯಜಮಾನರು ದುಡ್ಡು ಬೇಡ ಎಂದರು. "ನನ್ನ ಈಗಿನ ಗಾಡಿ ಸೀಟು ಒಂಚೂರು ಉದ್ದ ಮಾಡ್ಕೊಡಮ್ಮ, ಮೊಮ್ಮಗಳು ಕೂರಾಕೆ ಜಾಗ ಸಾಲ್ತಿಲ್ಲ" ಎಂದರು. ನನ್ನ ಸೀಟು ಗಿಡ್ಡ ಮಾಡಿಕೊಳ್ಳುವುದಕ್ಕೆ ಜಗಳೂರಿನವರ ಸೀಟು ಉದ್ದ ಮಾಡಿಕೊಟ್ಟು ಬಂದೆ. ನಮ್ಮ ಸೀಮೆಯ ಋಣ ಎಲ್ಲಿ ಹೋದರೂ ತಪ್ಪುವುದಿಲ್ಲ.

ಹಾಡು ಹೇಳುತ್ತಿದ್ದ ದಸ್ತಗೀರಣ್ಣ ಸುಮ್ಮನಾದದ್ದು ಸ್ಯಾರಿ ಗಾರ್ಡಿನ ಹತ್ತಿರ. ಹಿಂದೆ ಕೂತವರ ಸೀರೆ ಚಕ್ರಕ್ಕೆ ಸಿಗದಿರಲಿ ಎಂದು ಎಡಗಡೆ ಇರುವ ಆ ಕಬ್ಬಿಣದ ಜಾಲರಿ, ಅದರ ಕೆಳಗೆ ಎರಡೂ ಕಾಲು ಇಡುವ ಪಟ್ಟಿ. ಸ್ಪ್ಯಾನರ್ ಹಿಡಿದು ನಿಂತುಕೊಂಡ.

"ಇದು ಅಮ್ಮಾರು ಕಾಲಿಡೋ ಜಾಗ ಗಿರಿಜಕ್ಕ. ನಾನು ಸಣ್ಣೋನಿದ್ದಾಗಿಂದ ನೋಡೀನಿ. ಹೆಂಗೆ ಬಿಚ್ಲಿ?"

"ಬಿಚ್ರಿ. ಸ್ಯಾರಿ ಗಾರ್ಡ್ ಇಟ್ಕಂಡು ರೇಸಿಗೆ ಹೋದೋರು ಯಾರದಾರೆ?"

ಬಿಚ್ಚಿದ. ಬಿಚ್ಚಿದ್ದನ್ನು ಬಟ್ಟೆಯಿಂದ ಒರೆಸಿ ಗೋಡೆಗೆ ತೂಗುಹಾಕಿದ.

ಇನ್ನು ಉಳಿದದ್ದು ಸೀಟು. ಅದರ ಚೌಕಟ್ಟಿನ ಕಂಬಿಯನ್ನು ಎಲ್ಲಿಗೆ ಕತ್ತರಿಸಿ, ಎಲ್ಲಿ ದುಂಡಗೆ ಬಗ್ಗಿಸಿ ಬೆಸುಗೆ ಹಾಕಬೇಕು ಎಂದು ಗೊತ್ತಾಗಬೇಕಲ್ಲ, ಅದಕ್ಕೆ ದಸ್ತಗೀರಣ್ಣ ಅಳತೆಗೆ ಬಂದ. ನಾನು ಅಪ್ಪನ ಹಲಗೆಯ ಧೂಳು ಒರೆಸಿ ಅದರ ಮೇಲೆ ಕೂತೆ. ಇಡೀ ತಾಲ್ಲೂಕಿನವರನ್ನು ಕೂರಿಸಿದ ಹಲಗೆ, ನಾನು ಅಳತೆಗೆ ಕೂತದ್ದು ಅದೇ ಮೊದಲು. ಕಣ್ಣು ಮುಚ್ಚಿ, ಕೈ ಮುಂದೆ ಚಾಚಿ, ಇಲ್ಲದ ಹ್ಯಾಂಡಲ್ ಹಿಡಿದು ಬಗ್ಗಿದೆ. ಗಾಳಿ ಬೀಸಿದ ಹಾಗೇ ಆಯಿತು. ಆಗ ಬೀದಿಯಲ್ಲಿ ಯಾವುದೋ ಟ್ರ್ಯಾಕ್ಟರ್ ಹೋಗುತ್ತಿತ್ತು, ಅದರ ಗದ್ದಲದಲ್ಲಿ ಹಿಂದೆ ಏನಾಗುತ್ತಿದೆ ಎಂದು ನನಗೆ ಗೊತ್ತಾಗಲಿಲ್ಲ. "ಆತು ಬಿಡ್ರಿ, ಗೆರೆ ಹಾಕಿದೆ" ಎಂದು ದಸ್ತಗೀರಣ್ಣ ಹೇಳಿದ ಮೇಲೆ ಕಣ್ಣು ಬಿಟ್ಟೆ. ಅವ್ವ ಪಕ್ಕದಲ್ಲಿ ನಿಂತು ಸೀರೆಗೆ ಅಂಟಿದ ಸೀಮೆಸುಣ್ಣ ಕೊಡವಿಕೊಳ್ಳುತ್ತಿದ್ದಳು. ನಾನು ಅದರ ಕಡೆ ಗಮನವೇ ಕೊಡಲಿಲ್ಲ.

ಮರುವಾರ ಗ್ಯಾರೇಜಿಗೆ ಹೋಗಿ ನೋಡುತ್ತೇನೆ, ಬೆಸುಗೆ ಮುಗಿದಿದೆ, ಚೌಕಟ್ಟು ಉದ್ದವಿದೆ. ಒಬ್ಬರು ಕೂತು, ಹಿಂದೆ ಗೂನು ಕೂರಿಸಿ, ಇನ್ನೂ ಉಳಿಯುವಷ್ಟು ಉದ್ದ.

"ಇದೇನ್ರಿ ದಸ್ತಗೀರಣ್ಣ, ಯಾರ ಅಳತೆ ಇದು?"

"ನಿಮ್ದೇ. ನಿಮ್ಮ ಹಿಂದೆ ಅಮ್ಮಾರು ಬಂದು ಕೂತ್ರಲ್ಲ, ಅವ್ರ ಬೆನ್ನಿಂದೆ ಗೆರೆ ಹಾಕಿದೆ. ಕೊನೆಯೋರ ಬೆನ್ನಿಂದೆ ಅಲ್ವಾ ನಿಮ್ಮ ಅಂಗಡಿ ಪದ್ಧತಿ?"

ಮನೆಗೆ ಬಂದು ಅವ್ವನ ಮುಂದೆ ನಿಂತೆ. ಸಿಟ್ಟು ನೆತ್ತಿಗೇರಿತ್ತು. ಅವ್ವ ಅವರೆಕಾಯಿ ಸುಲಿಯುತ್ತಾ ತಲೆಯೆತ್ತಿದಳು. "ಅಳತಿ ಅಂದ್ರಲ್ಲ, ಬಂದು ಕೂತೆ. ಅಳತಿಗೆ ಯಾರಾದ್ರೂ ಒಬ್ರೇ ಕೂರ್ತಾರೇನೆ?" ಎಂದಳು. ನಿಜಕ್ಕೂ ಅಷ್ಟೇ. ಆ ಹಲಗೆಯ ಮೇಲೆ ಒಬ್ಬರೇ ಕೂತದ್ದನ್ನು ಅವಳು ನೋಡಿರಲಿಲ್ಲ, ದಸ್ತಗೀರಣ್ಣನೂ ನೋಡಿರಲಿಲ್ಲ. ಬೈಯುವುದಕ್ಕೆ ಒಂದು ತಪ್ಪಾದರೂ ಸಿಗಬೇಕಲ್ಲ! ಸಿಗಲಿಲ್ಲ. ಆದರೆ ನನ್ನ ಒಂಟಿ ಸೀಟನ್ನು ನಾನು ಬಿಟ್ಟುಕೊಡುವವಳಲ್ಲ. ಹೆಚ್ಚಾದ ಕಂಬಿಯನ್ನು ಕತ್ತರಿಸಿ ಹಾಕಿ ಎಂದು ಹೇಳಿದೆ. ದಸ್ತಗೀರಣ್ಣ ಒಪ್ಪಿದ. "ಅದಕ್ಕಿಂತ ಮುಂಚೆ ಎಂಜಿನ್ ಹೆಂಗೈತೆ ಅಂತ ಒಂದು ರೌಂಡ್ ಓಡ್ಸಿ ನೋಡ್ರಿ, ಆಮ್ಯಾಗೆ ಕೊಯ್ತೀನಿ" ಎಂದ.

ಭಾನುವಾರ ಬೆಳಿಗ್ಗೆ ಚೌಕಟ್ಟಿನ ಮೇಲೆ ಗೋಣಿಚೀಲ ಮಡಚಿ ಕಟ್ಟಿಕೊಂಡು ಹೊರಟೆ. ಊರು ದಾಟಿದೆ. ಅಪ್ಪನ ಗಾಡಿ ನನ್ನ ಕೆಳಗೆ ಗುಡುಗುಡು ಎನ್ನುತ್ತಿತ್ತು, ಮತ್ತು ನನ್ನೆದುರು ಯಾರ ಬೆನ್ನೂ ಇರಲಿಲ್ಲ. ರಸ್ತೆ ಇತ್ತು. ದೂರದಲ್ಲಿ ಸಣ್ಣಗೆ ಇದ್ದದ್ದು ಹತ್ತಿರ ಬರುತ್ತಾ ಅಗಲವಾಗುವುದು, ಏರು ಮುಗಿದ ಕೂಡಲೇ ಇಳಿಜಾರು ಬಿಚ್ಚಿಕೊಳ್ಳುವುದು, ತಿರುವಿನ ಆಚೆ ಏನಿದೆಯೋ ಎಂದು ಕಾಯುವುದು. ಇಷ್ಟೆಲ್ಲವನ್ನೂ ಇಷ್ಟು ವರ್ಷ ಗಂಡಸರು ಸುಮ್ಮನೆ ನೋಡಿಕೊಂಡು ಹೋಗಿದ್ದಾರಲ್ಲ, ಮನೆಗೆ ಬಂದು ಒಂದು ದಿನವಾದರೂ ಹೇಳಿದ್ದಾರೆಯೇ? ಬಸವಾಪಟ್ಟಣದ ಹತ್ತಿರ ಬಾಳೆಗೊನೆ ಹಿಡಿದು ನಿಂತಿದ್ದ ಅಜ್ಜರೊಬ್ಬರು ಕೈ ಅಡ್ಡ ಹಾಕಿದರು.

"ಸೀಟೇ ಇಲ್ಲ ಅಜ್ಜಾ" ಎಂದೆ.

"ಪರವಾಗಿಲ್ಲ ಬಿಡವ್ವ, ನಾನು ಸೀಟು ಕೇಳ್ಲಿಲ್ಲ" ಎಂದು ಗೊನೆಯ ಸಮೇತ ಹತ್ತಿಯೇಬಿಟ್ಟರು.

ಮನೆಗೆ ಬಂದವಳು ಹೆಲ್ಮೆಟ್ ತೆಗೆಯುವುದಕ್ಕೂ ಮುಂಚೆ ಅವ್ವನಿಗೆ ಹೇಳತೊಡಗಿದೆ. ಸಿಟ್ಟು ಎಲ್ಲಿ ಹೋಗಿತ್ತೋ. ಅವ್ವ ಕಾಫಿ ಲೋಟ ಕೈಯಲ್ಲಿ ಹಿಡಿದುಕೊಂಡು ಕೇಳಿದಳು, ನಡುನಡುವೆ ತಾನೂ ಸೇರಿಸಿದಳು. ಬಸವಾಪಟ್ಟಣ ದಾಟಿ ಹೋಗುವಾಗ ಎಡಕ್ಕೆ ಒಂದು ಕಲ್ಲು ಕಟ್ಟಿದ ಬಾವಿ ಇದೆ ಎಂದಳು. ಅದರ ಪಕ್ಕದ ಮನೆಯ ಬಾಗಿಲಿಗೆ ಹಸಿರು ಬಣ್ಣ, ಆ ಮನೆಯಾಕೆ ಯಾವಾಗಲೂ ಹೊರಗೇ ಕೂತು ತಲೆ ಬಾಚುತ್ತಿದ್ದಳು. ಬರುವಾಗ ಈ ಕಡೆ ಜೋಡಿ ಬೇವಿನ ಮರ, ಅದರ ಕೆಳಗೆ ಕುರಿ. ನನಗೆ ಆಶ್ಚರ್ಯವಾಯಿತು. ಆಮೇಲೆ ಹೊಳೆಯಿತು. ಒಂದೇ ಕಡೆ ಕಾಲು ಇಳಿಬಿಟ್ಟು ಕೂತ ಹೆಂಗಸಿಗೆ ಹೋಗುವಾಗ ರಸ್ತೆಯ ಒಂದು ಮಗ್ಗುಲು ಕಾಣುತ್ತದೆ, ಬರುವಾಗ ಇನ್ನೊಂದು ಮಗ್ಗುಲು. ಮದುವೆಯಾದಾಗಿನಿಂದ ಹಾಗೆ ಹೋಗಿ ಬಂದು ಆ ದಾರಿಯ ಎರಡೂ ಮಗ್ಗುಲು ಅವಳಿಗೆ ಬಾಯಿಪಾಠವಾಗಿತ್ತು.

ಹೇಳುವುದೆಲ್ಲ ಹೇಳಿ ಮುಗಿಸಿದ ಮೇಲೆ ಅವ್ವ ಲೋಟ ಕೆಳಗಿಟ್ಟು ಕೇಳಿದಳು:

"ಅದ್ಸರಿ, ಎದುರಿಗೆ ಹೆಂಗೈತೆ?"

ನಾನು ಅಷ್ಟು ಹೊತ್ತು ಹೇಳಿದ್ದು ಅದನ್ನೇ. ಆದರೆ ಅವಳ ಕಣ್ಣು ನೋಡಿದರೆ, ಅದು ಹೇಳಿದರೆ ತಿಳಿಯುವಂಥದ್ದಲ್ಲ ಎಂದು ಗೊತ್ತಾಗುತ್ತಿತ್ತು. ನಾನಾದರೂ ಅಪ್ಪನ ಬೆನ್ನಿನ ಹಿಂದೆ ಕೂತು, ಮುಂದೆ ಏನೋ ಇದೆ, ಅದು ನನಗೆ ಕಾಣುತ್ತಿಲ್ಲ ಎಂದು ಮುನಿಸಿಕೊಂಡವಳು. ಅವ್ವ ಒಂದು ದಿನವೂ ಮುನಿಸಿಕೊಳ್ಳಲಿಲ್ಲ, ಕಂಡಷ್ಟನ್ನು ಚೆನ್ನಾಗಿ ನೋಡಿಟ್ಟುಕೊಂಡಳು.

ಮರುದಿನ ಅಂಗಡಿ ತೆರೆಯುವುದಕ್ಕಿಂತ ಮೊದಲೇ ಗ್ಯಾರೇಜಿಗೆ ಹೋದೆ. ದಸ್ತಗೀರಣ್ಣ ಕಂಬಿಗೆ ಗುರುತು ಹಾಕಿಕೊಂಡು ಕುಳಿತಿದ್ದ.

"ಕೊಯ್ಬೇಡ್ರಿ. ಇರ್ಲಿ."

"ಸ್ಯಾರಿ ಗಾರ್ಡ್ ವಾಪಸ್ ಹಾಕ್ಲೇನು?" ಎಂದ, ಗೋಡೆಯ ಕಡೆ ಆಸೆಯಿಂದ ನೋಡುತ್ತಾ.

"ಅದು ಬ್ಯಾಡ. ಹಿಂದೆ ಎರಡೂ ಕಡೆ ಕಾಲಿಡಾಕೆ ಫುಟ್‌ರೆಸ್ಟ್ ಹಾಕ್ರಿ ಸಾಕು."

ನಾನು ಯಾರಿಗೂ ಸೋಲಲಿಲ್ಲ, ಇದನ್ನು ನೀವು ಗಮನಿಸಬೇಕು. ನನ್ನ ಸೀಟು ಒಬ್ಬರ ಸೀಟಾಗಿಯೇ ಉಳಿಯಿತು, ಮುಂದೆ ತಗ್ಗಾಗಿ, ಕಂದು ರೆಕ್ಸಿನ್ನಿಗೆ ಅಡ್ಡಡ್ಡ ಹೊಲಿಗೆ ಹಾಕಿ. ಅದರ ಹಿಂದೆ ಗೂನೂ ಇದೆ, ಕೆಫೆ ರೇಸರಿಗೆ ಇರಬೇಕಾದ ಹಾಗೇ. ಆದರೆ ಬೇರೆಯವರ ಗೂನಿನೊಳಗೆ ಗಾಳಿ ಇರುತ್ತದೆ. ನನ್ನ ಗೂನಿನೊಳಗೆ ಅಪ್ಪ ತುಂಬಿದ್ದ ಹಳೇ ಸೀಟಿನ ಹಿಂದಿನ ಅರ್ಧ ಇದೆ, ನಾರಿನ ಸಮೇತ, ಅವ್ವ ಕೂತೂ ಕೂತೂ ಆದ ತಗ್ಗಿನ ಸಮೇತ. ಮೇಲೆ ಹೊಸ ಫೋಮ್ ಹಾಕಿ, ಚಪ್ಪಟೆ ಮಾಡಿ, ನನ್ನ ಸೀಟಿಗಿಂತ ಒಂದು ಗೇಣು ಎತ್ತರಕ್ಕೆ ಹೊಲಿದೆ. ಪಕ್ಕದಿಂದ ನೋಡಿದವರಿಗೆ ಬರೀ ಗೂನು. ಸ್ಟೂಲಿನ ಮೇಲೆ ಕೂತು ನೀವು ಕೇಳುವ ಹಿಂದಿನ ಅರ್ಧ ಅಲ್ಲಿದೆ.

ನ್ಯಾಮತಿಗೆ ಹೊರಟ ದಿನ ಅವ್ವ ನನ್ನ ಹಳೇ ಚೂಡಿದಾರದ ಪ್ಯಾಂಟು ಒಳಗೆ ಹಾಕಿಕೊಂಡು, ಸೀರೆಯನ್ನು ಮೊಣಕಾಲಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹೆಲ್ಮೆಟ್ ಹಾಕಿದರೆ, "ತಲಿ ಮೇಲೆ ಕೊಡ ಬೋರಲು ಹಾಕ್ದಂಗೈತಲ್ಲೇ" ಎಂದಳು. ಎರಡೂ ಕಡೆ ಕಾಲು ಹಾಕಿ ಕೂರಬೇಕೆಂದಾಗ ಬೀದಿಯ ಆ ತುದಿ ಈ ತುದಿ ನೋಡಿದಳು. ನಮ್ಮ ಮನೆಯವರು ಒಂದು ಕುರ್ಚಿ ತಂದಿಟ್ಟು, ಅವಳ ಕೈ ಹಿಡಿದು ಹತ್ತಿಸಿದರು. ಆಮೇಲೆ ಬಸ್ ಸ್ಟ್ಯಾಂಡಿನ ಕಡೆ ನಡೆದರು.

ಊರು ದಾಟುವ ತನಕ ಅವ್ವ ನನ್ನ ಸೊಂಟ ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿಕೊಂಡಿದ್ದಳು, ಹಿಡಿತದಲ್ಲೇ ಗೊತ್ತಾಗುತ್ತಿತ್ತು. ನಾನು ಹ್ಯಾಂಡಲಿನ ಮೇಲೆ ಬಗ್ಗಿದೆ. ಈ ಗಾಡಿಯನ್ನು ಓಡಿಸುವ ರೀತಿಯೇ ಅದು, ಓಡಿಸುವವರು ಬಗ್ಗಲೇಬೇಕು. ಬಸವಾಪಟ್ಟಣದ ಏರು ಮುಗಿದು ಇಳಿಜಾರು ಬಿಚ್ಚಿಕೊಂಡಾಗ ಹಿಡಿತ ಸಡಿಲವಾಯಿತು.

"ಅಯ್ಯಯ್ಯೋ ಗಿರಿಜಾ..." ಎಂದಳು. ಬಿದ್ದಳೇನೋ ಎಂದು ಹೆದರಿ ವೇಗ ಕಡಿಮೆ ಮಾಡಿದೆ. "ನಿಲ್ಸಬ್ಯಾಡ, ಹೊಡಿ! ಇಷ್ಟುದ್ದ ಐತೇನೆ ಇದು!"

ಆಮೇಲೆ ಸಾಸ್ವೆಹಳ್ಳಿಯವರೆಗೆ ಅವಳು ಬಾಯಿ ಮುಚ್ಚಲಿಲ್ಲ. ಲಾರಿ ಬಂತು ನೋಡು, ಎತ್ತು ಅಡ್ಡ ಬಂತು ನೋಡು, ಅಗೋ ಅಲ್ಲಿ ರಸ್ತೆ ತಿರುಗುತ್ತದೆ, ನೋಡು. ನನಗೆ ಕಾಣುವುದಿಲ್ಲವೇನೋ ಎನ್ನುವ ಹಾಗೆ ಎಲ್ಲವನ್ನೂ ನನಗೇ ಹೇಳುತ್ತಿದ್ದಳು. ಬಾವಿ, ಹಸಿರು ಬಾಗಿಲು, ಬೇವಿನ ಮರ ಯಾವುದರ ಕಡೆಯೂ ಅವಳು ತಿರುಗಿ ನೋಡಲಿಲ್ಲ.

ಹೊನ್ನಾಳಿ ಹತ್ತಿರ ಬರುವಷ್ಟರಲ್ಲಿ ನನ್ನ ಬೆನ್ನು ಬಿದ್ದುಹೋಗುವಂತಾಗಿತ್ತು. ದೂರದಲ್ಲಿ ಹೊಳೆಯ ಸೇತುವೆ ಕಾಣಿಸಿತು. ಇನ್ನೇನು ಬಂದೇಬಿಟ್ಟಿತಲ್ಲ ಎಂದು ಸ್ವಲ್ಪ ನೆಟ್ಟಗಾದೆ.

ಬೆನ್ನಿನ ಮೇಲೆ ಅವ್ವನ ಕೈ ಬಿತ್ತು, ರೊಟ್ಟಿ ತಟ್ಟುವ ಕೈ.

"ಏಯ್, ಬಗ್ಗೇ ಇರು. ಹೊಳೆ ಕಾಣ್ತಿಲ್ಲ."

ಟ್ಯಾಂಕಿಗೆ ಎದೆ ತಾಗುವ ಹಾಗೆ ಬಗ್ಗಿದೆ.